ಕವಿಯಕ್ಕನ ಬೆನ್ನುಡಿ

ಆ ಪುಸ್ತಕದ ಬೆನ್ನುಡಿಯನ್ನು ಟೈಪ್ ಮಾಡಿದವಳು ನಾನೇ. ಈ ಕಥೆಯಲ್ಲಿ ನನ್ನ ತಪ್ಪೂ ಒಂದಿಷ್ಟಿದೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಕೆಲಸ ಒಂದು ಸಣ್ಣ ಅಚ್ಚುಕೂಟದಲ್ಲಿ. ಮದುವೆ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ಅಂಗಡಿಯ ಚೀಟಿ, ಕಳೆದುಹೋದ ನಾಯಿಯ ಪ್ರಕಟಣೆ, ವರ್ಷಕ್ಕೊಂದೋ ಎರಡೋ ಕವನ ಸಂಕಲನ. ಕವಿಯಕ್ಕನ ಪರಿಚಯ ಆದದ್ದು ಹಾಗೆ. ಅವರ ಪದ್ಯಗಳ ಕಟ್ಟು ನನ್ನ ಮೇಜಿಗೆ ಬಂದಾಗ ಅದನ್ನು ಬಿಳಿ ನಾಡದಾರದಿಂದ ಕಟ್ಟಿದ್ದರು. ಆಸ್ಪತ್ರೆಯಲ್ಲಿ ರೋಗಿಗಳ ಅಂಗಿಗೆ ಬೆನ್ನ ಹಿಂದೆ ಲಾಡಿ ಹಾಕುತ್ತಾರಲ್ಲ, ಅದೇ ದಾರ.

ಕವಿಯಕ್ಕ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿರುವವರು. ಆಸ್ಪತ್ರೆಗೆ ಹೊಲಿಗೆ ಕೋಣೆಯೊಂದು ಇರುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಟ್ಟಡದ ಹಿಂಭಾಗದಲ್ಲಿ, ಅರ್ಧ ನೆಲದೊಳಗೆ ಹೂತುಹೋದಂಥ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಕಾಲಲ್ಲಿ ತುಳಿಯುವುದು, ಇನ್ನೊಂದು ಮೋಟಾರಿನದು. ಹರಿದ ಹಾಸಿಗೆ ಬಟ್ಟೆ, ತೂತು ಬಿದ್ದ ಕಂಬಳಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಕೋಣೆ, ಅದಕ್ಕೆ ಅಂಟಿಕೊಂಡು ಇಸ್ತ್ರಿಯ ಮೇಜು. ಅಲ್ಲಿಂದ ಬರುವ ಹಬೆಗೆ ಹೊಲಿಗೆ ಕೋಣೆಯ ಕಿಟಕಿ ಗಾಜು ವರ್ಷವಿಡೀ ಬೆವರುತ್ತಿರುತ್ತದೆ.

ಕವಿಯಕ್ಕ ಅನ್ನುವ ಹೆಸರು ಹುಟ್ಟಿದ್ದು ತಮಾಷೆಗೆ. ವಾರ್ಡಿನ ಸಿಸ್ಟರುಗಳು ದಿಂಬಿನ ಚೀಲಕ್ಕಾಗಿ ದಿನಕ್ಕೆ ನಾಲ್ಕು ಸಲ ಬಂದು ಜಗಳ ತೆಗೆಯುತ್ತಿದ್ದರಂತೆ. ಉತ್ತರ ಹೇಳಿ ಹೇಳಿ ಗಂಟಲು ಬಿದ್ದುಹೋಗಿ, ಒಂದು ದಿನ ಇವರು ಬಾಗಿಲಿಗೆ ಸ್ಲೇಟು ನೇತುಹಾಕಿದರು:

ದಿಂಬಿನ ಚೀಲ ಒಗೆಯಲು ಹೋಗಿದೆ,
ಬಿಸಿಲು ಬಂದರೆ ನಾಳೆ ಬರುತ್ತೆ.
ಸಿಸ್ಟರ್ ಕೋಪವ ಜೊತೆಗೇ ಹಾಕಿ,
ಅದೂ ಬೆಳ್ಳಗೆ ಮೆತ್ತಗಾಗುತ್ತೆ.

ಆವತ್ತು ಇಡೀ ಆಸ್ಪತ್ರೆ ನಕ್ಕಿತು. ಮರುದಿನದಿಂದ ದಿಂಬಿನ ಚೀಲ ಬೇಡದವರೂ ಸ್ಲೇಟು ನೋಡಲು ಬರತೊಡಗಿದರು. ಆಮೇಲೆ, ವಾಸಿಯಾಗಿ ಮನೆಗೆ ಹೊರಟವರಿಗೆ ನಾಲ್ಕು ಸಾಲು ಬರೆದುಕೊಡಿ ಅಂದರು. ಆಮೇಲೆ ವಾಸಿಯಾಗದವರಿಗೆ. ಸ್ಟ್ರೆಚರ್ ತಳ್ಳುವವನು ನಿವೃತ್ತನಾದಾಗ 'ಇಷ್ಟು ದಿನ ಊರನು ತಳ್ಳಿದೆ ಅಣ್ಣ, ಇನ್ನು ಮೊಮ್ಮಗನ ತಳ್ಳುಗಾಡಿಯ ತಳ್ಳು' ಅಂತ ಬರೆದರು. ಬೀದಿಯವರು ಕೇಳಿದರು, ಬೀದಿಯವರ ನೆಂಟರು ಕೇಳಿದರು. ಮಗು ಹುಟ್ಟಿದರೂ ಕವಿಯಕ್ಕ, ಮುದುಕರು ಹೋದರೂ ಕವಿಯಕ್ಕ. ಇಲ್ಲ ಅಂದದ್ದೇ ಇಲ್ಲ. ಆ ಪದ್ಯಗಳೆಲ್ಲ ಕೊನೆಗೆ ಒಳ್ಳೆಯದಕ್ಕೇ ತಿರುಗುತ್ತಿದ್ದವು. ಪುಸ್ತಕ ಬಂದ ಮೇಲೆ ಹೆಚ್ಚಿನವರಿಗೆ ಬಾಯಿಪಾಠ ಆದದ್ದು ಇದು:

ಹರಿದ ಬಟ್ಟೆಗೆ ಹೊಲಿಗೆ ಉಂಟು,
ನೊಂದ ಮನಸಿಗೆ ನಾಳೆ ಉಂಟು,
ಸೂಜಿ ಚುಚ್ಚಿದ ತೂತಿನಲ್ಲೇ
ದಾರ ದಾಟುವ ಹಾದಿ ಉಂಟು.

ಮನೆಯಲ್ಲಿ ಮೂರೇ ಜನ: ಕವಿಯಕ್ಕ, ಅವರ ಗಂಡ, ಗಂಡನ ತಾಯಿ. ಮಕ್ಕಳಿರಲಿಲ್ಲ. ಗಂಡ ಊರೊಳಗಿನ ಬಸ್ಸಿನ ಡ್ರೈವರ್. ಹೆಂಡತಿಯ ಪದ್ಯಗಳಿಗೆಲ್ಲ ಮೊದಲ ವಿಮರ್ಶಕ ಅವರೇ. ಊಟಕ್ಕೆ ಕೂತಾಗ ಕೇಳಿಸಿಕೊಂಡು, "ಕೊನೇಲಿ ಬ್ರೇಕ್ ಸ್ವಲ್ಪ ಬೇಗ ಹಾಕಿದೆ" ಅನ್ನುತ್ತಿದ್ದರು, ಇಲ್ಲವೇ, "ಇದು ಟಾಪ್ ಗೇರಲ್ಲಿದೆ, ಮುಟ್ಟೋಕೆ ಹೋಗ್ಬೇಡ." ಅತ್ತೆಯನ್ನು ನಾವೆಲ್ಲ ಅಜ್ಜಿ ಅಂತಲೇ ಕರೆಯುವುದು. ಎಂಬತ್ತು ದಾಟಿದೆ, ಕಿವಿ ಅರ್ಧ ಹೋಗಿದೆ, ನಾಲಿಗೆ ಪೂರ್ತಿ ಇದೆ.

ಪುಸ್ತಕ ಮಾಡೋಣ ಅಂತ ಹೊರಟವರು ಮೇಷ್ಟ್ರು. ನಿವೃತ್ತರಾದ ಮೇಲೆ ಗ್ರಂಥಾಲಯದಲ್ಲಿ ಓದುಗರ ಬಳಗವೊಂದನ್ನು ಕಟ್ಟಿಕೊಂಡು ನಡೆಸುತ್ತಿದ್ದವರು, ಒಳ್ಳೆಯ ಮನುಷ್ಯ. ಕವಿಯಕ್ಕ ಯಾರಿಗೂ ಕೊಡದೆ ಮನೆಯಲ್ಲೇ ಬರೆದಿಟ್ಟಿದ್ದವುಗಳಲ್ಲಿ ಅರವತ್ತೆರಡು ಪದ್ಯ ಆರಿಸಿ, 'ನಾಳೆ ಉಂಟು' ಅಂತ ಹೆಸರಿಟ್ಟು, ಕಟ್ಟು ತಂದು ನನ್ನ ಮುಂದೆ ಇಟ್ಟರು. ನಾನು ಮೂರು ವಾರ ಕೂತು ಟೈಪ್ ಮಾಡಿದೆ. ಕರಡು ತಿದ್ದಿಸಬೇಕು ಅನ್ನುವಷ್ಟರಲ್ಲಿ ಕವಿಯಕ್ಕನ ಗಂಡ ತೀರಿಕೊಂಡರು.

ಬೆಳಿಗ್ಗೆ ಏಳು ಗಂಟೆ. ಡ್ಯೂಟಿಗೆ ಹೊರಟು ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರಂತೆ. ಒಂದು ಕಾಲಿಗೆ ಹಾಕಿಯಾಗಿತ್ತು. ಹಾಗೇ ಗೋಡೆಗೆ ಒರಗಿದರು. ಇವರು ಒಳಗಿನಿಂದ, "ಏನ್ರೀ, ಬಸ್ಸೇ ಬಂದು ನಿಮ್ಮನ್ನ ಹತ್ತಿಸ್ಕೊಂಡು ಹೋಗುತ್ತಾ?" ಅಂದರು. ಉತ್ತರ ಬರಲಿಲ್ಲ. ಆ ಮನುಷ್ಯ ತಮಾಷೆಗೆ ಹಾಗೆ ಸುಮ್ಮನಿರುವುದುಂಟು, ಅದಕ್ಕೇ ಇವರು ಇನ್ನೊಂದು ಮಾತು ಕೆಣಕಿದರು. ಆಮೇಲೆ ಬಂದು ನೋಡಿದರು.

ಎದುರು ಮನೆಯವರ ಕಾರಿನಲ್ಲಿ ಅದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಸಿಸ್ಟರ್ ಒಬ್ಬಳು ಬಿಳಿ ಬಟ್ಟೆ ತಂದು ಮುಖದವರೆಗೆ ಹೊದಿಸಿದಳು. ತುಂಬ ದಿನಗಳ ಮೇಲೆ ಕವಿಯಕ್ಕ ನನಗೆ ಹೇಳಿದ್ದು ಇದು: "ಬಟ್ಟೆಯ ಮೂಲೇಲಿ ಒಂದು ತೇಪೆ ಇತ್ತು ಕಣಮ್ಮ. ನಾನೇ ಹಾಕಿದ್ದು. ನೋಡಿದ ಕೂಡ್ಲೇ ಗೊತ್ತಾಯ್ತು. ಪರವಾಗಿಲ್ಲ, ನೇರವಾಗಿ ಬಂದಿದೆ ಅಂದ್ಕೊಂಡೆ. ಆಗ ಮನಸ್ಸಿಗೆ ಬಂದಿದ್ದು ಅದೊಂದೇ."

ಅಳು ಬರಲಿಲ್ಲ. ಬಂದವರೆಲ್ಲ ಅತ್ತರು, ಇವರು ಅವರಿಗೆ ನೀರು ತಂದುಕೊಟ್ಟರು. "ಅತ್ತುಬಿಡಮ್ಮ, ಹಗುರ ಆಗುತ್ತೆ" ಅಂತ ಹೆಂಗಸರು ಬೆನ್ನು ಸವರಿದರೆ, "ಆಯ್ತು" ಅನ್ನುತ್ತಿದ್ದರು, ಏನೋ ಸಾಮಾನು ತರುತ್ತೇನೆ ಅಂದ ಹಾಗೆ. ಹತ್ತನೆಯ ದಿನಕ್ಕೆ ಕೆಲಸಕ್ಕೆ ಹೋದರು. ಯಂತ್ರದ ಮುಂದೆ ಕೂತರೆ ಕೈ ತನ್ನಷ್ಟಕ್ಕೆ ಹೊಲಿಯುತ್ತಿತ್ತು. ಮನೆಯಲ್ಲಿ ಅಡುಗೆಯೂ ತನ್ನಷ್ಟಕ್ಕೆ ಆಗುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಎದುರುಬದುರು ಕೂತು, ಮಾತಿಲ್ಲದೆ ಉಂಡು ಏಳುತ್ತಿದ್ದರು. ಒಂದು ದಿನ ಅಜ್ಜಿ ತಟ್ಟೆ ನೋಡುತ್ತಾ ಕೇಳಿದರು:

"ಉಪ್ಪಿಗೂ ರಜೆ ಕೊಟ್ಟಿದ್ದೀಯೇನೇ?"

"ಯಾಕತ್ತೆ? ಹಾಕಿಲ್ವಾ?"

"ಒಂದು ವಾರ ಆಯ್ತು. ನಾಲಿಗೆ ಹೋಗಿರೋದು ನನಗೋ ನಿನಗೋ ಅಂತ ಕಾಯ್ತಾ ಇದ್ದೆ."

ಕವಿಯಕ್ಕ ಎದ್ದುಹೋಗಿ ಉಪ್ಪಿನ ಡಬ್ಬ ತಂದಿಟ್ಟರು. ಇಬ್ಬರೂ ನಗಲಿಲ್ಲ. ಮಗ ಹೋದದ್ದು ಆ ಮುದುಕಿಗೂ ತಾನೆ.

ಹದಿನೈದು ದಿನವಾದ ಮೇಲೆ ನಾನು ಕರಡು ಹಿಡಿದುಕೊಂಡು ಅವರ ಮನೆಗೆ ಹೋದೆ. ಈ ಹೊತ್ತಿನಲ್ಲಿ 'ನಾಳೆ ಉಂಟು' ಅನ್ನುವ ಹಾಳೆಗಳನ್ನು ಅವರ ಕೈಗೆ ಹೇಗೆ ಕೊಡುವುದು? ಅವರೋ ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಕೂತು, ಒಂದೊಂದೇ ಹಾಳೆ ತಿರುಗಿಸುತ್ತಾ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. "ಇಲ್ಲಿ ಕೊಂಬು ಬಿಟ್ಟಿದೆ." "ಇಲ್ಲಿ ಒತ್ತು ತಪ್ಪಿದೆ." ಅರವತ್ತೆರಡು ಪದ್ಯದಲ್ಲಿ ಹದಿನಾಲ್ಕು ತಪ್ಪು ಹಿಡಿದರು. ಹೊಲಿಗೆ ಬಿಟ್ಟ ಜಾಗ ಹುಡುಕುವ ಹಾಗೆ ಓದಿದರು. ಯಾರೋ ಪರವೂರಿನವರು ಬರೆದದ್ದು ಅನ್ನುವ ಹಾಗೆ.

ಅದಾದ ಎರಡು ದಿನಕ್ಕೆ ಮೇಷ್ಟ್ರು ಅಚ್ಚುಕೂಟಕ್ಕೆ ಬಂದು, ಬೆನ್ನುಡಿ ಬದಲಾಯಿಸಬೇಕು ಅಂದರು. ಮೊದಲು ಇದ್ದದ್ದು ಸಾದಾ ಎರಡು ಸಾಲು. ಈಗ ಅವರು ಕಣ್ಣು ಮುಚ್ಚಿಕೊಂಡು ಹೇಳಿದರು, ನಾನು ಟೈಪ್ ಮಾಡುತ್ತಾ ಹೋದೆ: "ಬಾಳಸಂಗಾತಿಯ ಅಗಲಿಕೆಯ ಕತ್ತಲಲ್ಲಿ ಕುಳಿತು, ಕಣ್ಣೀರನ್ನೇ ಶಾಯಿಯಾಗಿಸಿ ಕವಯಿತ್ರಿ ಬರೆದ ಭರವಸೆಯ ಕವಿತೆಗಳಿವು. ತನ್ನ ಗಾಯವನ್ನು ತಾನೇ ವಾಸಿಮಾಡಿಕೊಂಡ ಈ ಹೆಣ್ಣುಮಗಳ ಸಾಲುಗಳು ನಿಮ್ಮ ಗಾಯವನ್ನೂ ಮಾಯಿಸಲಿ."

ನನ್ನ ಬೆರಳು ನಿಂತಿತು. "ಮೇಷ್ಟ್ರೇ, ಇವೆಲ್ಲ ಮುಂಚೆ ಬರೆದವು. ಡ್ರೈವರ್ ಹೋಗೋಕ್ಕಿಂತ ಒಂದು ತಿಂಗಳು ಮೊದಲೇ ನಾನು ಟೈಪ್ ಶುರು ಮಾಡಿದ್ದೆ."

"ಗೊತ್ತಮ್ಮ."

"ಮತ್ತೆ ಇದು ಸುಳ್ಳಾಗಲ್ವಾ?"

"ಸುಳ್ಳೇನು ಬಂತು? ನೋವು ಇದೆ, ಪದ್ಯಾನೂ ಇದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕ ಓದೋರಿಗೆ ಯಾಕೆ? ನಾಲ್ಕು ಜನಕ್ಕೆ ಧೈರ್ಯ ಬಂದ್ರೆ ಸಾಕು." ಅವರ ಕಣ್ಣು ಒದ್ದೆಯಾಗಿತ್ತು. ಕೆಟ್ಟ ಉದ್ದೇಶ ಅವರಿಗೆ ಇರಲಿಲ್ಲ, ಅಷ್ಟನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಆದರೂ ಮನಸ್ಸು ತಡೆಯದೆ ಆ ಹಾಳೆಯನ್ನು ಕವಿಯಕ್ಕನಿಗೆ ತೋರಿಸಿ ಬಂದೆ. ಬೇಡ ಅನ್ನಲಿ ಅಂತಲೇ ತೋರಿಸಿದ್ದು. ಅವರು ಎರಡು ಸಲ ಓದಿದರು.

"ಕಾಗುಣಿತ ಸರಿ ಇದೆ" ಅಂದರು.

ಅಷ್ಟೇ. ಹಾಳೆ ವಾಪಸು ಕೊಟ್ಟರು. ಅಚ್ಚಾಯಿತು.

ಬಿಡುಗಡೆ ಆದದ್ದು ಗ್ರಂಥಾಲಯದ ಸಭಾಂಗಣದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಅಷ್ಟು ಜನ ಬರುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಪಕ್ಕದ ಶಾಲೆಯಿಂದ ಬೆಂಚು ತರಿಸಬೇಕಾಯಿತು. ಹಿರಿಯ ಡಾಕ್ಟರೊಬ್ಬರು, "ನಮ್ಮ ಔಷಧಿ ಮುಟ್ಟದ ಕಡೆಗೆ ಈ ಪದ್ಯ ಮುಟ್ಟುತ್ತೆ" ಅಂದರು. ಮೇಷ್ಟ್ರು ಬೆನ್ನುಡಿಯನ್ನು ಗಟ್ಟಿಯಾಗಿ ಓದಿದರು. ಸಭೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಆಮೇಲೆ ಕವಿಯಕ್ಕ ಎದ್ದು, 'ಹರಿದ ಬಟ್ಟೆಗೆ ಹೊಲಿಗೆ ಉಂಟು' ಓದಿದರು. ವಾರ್ಡುವಾರು ಬಟ್ಟೆಯ ಪಟ್ಟಿ ಓದುತ್ತಾರಲ್ಲ, ಅದೇ ದನಿ. ಜನ ಅದನ್ನು ಬೇರೆ ರೀತಿ ಕೇಳಿಸಿಕೊಂಡರು. "ಎಂಥಾ ಗಟ್ಟಿಗಿತ್ತಿ ನೋಡು, ದನಿ ಒಂಚೂರಾದ್ರೂ ನಡುಗ್ತಾ?" ಅಂತ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಅಂದರು.

ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಚಪ್ಪಾಳೆ ನಿಂತ ಕೂಡಲೇ, ಕಿವುಡರ ಎತ್ತರದ ದನಿಯಲ್ಲಿ ಕೇಳಿದರು: "ಮುಗೀತಾ?"

ಸಭೆ ನಕ್ಕಿತು. ಕವಿಯಕ್ಕ ಮೈಕಿನಲ್ಲೇ, "ಮುಗೀತು ಅತ್ತೆ" ಅಂದರು. ಜನ ಇನ್ನಷ್ಟು ನಕ್ಕರು.

ಆ ಪುಸ್ತಕ ಬೀದಿಯಿಂದ ಬೀದಿಗೆ ಹೋಯಿತು. ನೋಡಲು ಬರುವವರು ರೋಗಿಗಳ ದಿಂಬಿನ ಪಕ್ಕ ಇಟ್ಟು ಹೋದರು. ಗುರುತಿಲ್ಲದವರು ಬಂದು ಕವಿಯಕ್ಕನ ಕೈ ಹಿಡಿದುಕೊಂಡು ತಮ್ಮ ಕಥೆ ಹೇಳಿಕೊಂಡರು. ಸಂಜೆಯ ಓದಿಗೆ ಬನ್ನಿ, ವಾರ್ಡಿಗೆ ಬನ್ನಿ, ಹೆಂಗಸರ ಕೂಟಕ್ಕೆ ಬನ್ನಿ. ಇಲ್ಲ ಅನ್ನುವುದಕ್ಕಿಂತ ಹೋಗಿಬರುವುದೇ ಸುಲಭ ಅಂತ ಅವರು ಎಲ್ಲ ಕಡೆ ಹೋದರು. "ನಾನು ಹೋಗ್ತಿರಲಿಲ್ಲಮ್ಮ, ನನ್ನ ಸೀರೆ ಹೋಗಿ ಬರ್ತಿತ್ತು" ಅಂತ ಆಮೇಲೆ ಒಂದು ಸಲ ಅಂದರು. ಯಾರಾದರೂ "ಇದನ್ನ ಬರೆಯೋಕೆ ನಿಮಗೆ ಹೇಗೆ ಸಾಧ್ಯವಾಯ್ತು?" ಅಂತ ಕೇಳಿದರೆ, ಮೊದಮೊದಲು, "ಅದು ಮುಂಚೆ ಬರೆದಿದ್ದು" ಅನ್ನುತ್ತಿದ್ದರಂತೆ. ಕೇಳಿದವರು ಅದನ್ನು ವಿನಯ ಅಂದುಕೊಂಡು ತಲೆದೂಗುತ್ತಿದ್ದರು. ಆಮೇಲೆ ಅದನ್ನೂ ಹೇಳುವುದು ಬಿಟ್ಟರು.

ಹೀಗೆ ಮೂರು ತಿಂಗಳು.

ಇಸ್ತ್ರಿ ಅಣ್ಣನ ಸಂಗತಿ ಈಗ ಹೇಳಬೇಕು. ಹೊಲಿಗೆ ಕೋಣೆಯ ಪಕ್ಕದ ಇಸ್ತ್ರಿ ಮೇಜಿನಲ್ಲಿ ಹನ್ನೊಂದು ವರ್ಷದಿಂದ ನಿಂತೇ ಕೆಲಸ ಮಾಡುತ್ತಿದ್ದ ಮನುಷ್ಯ. ಮಾತು ಕಡಿಮೆ. ಬೆಳಿಗ್ಗೆ "ಬಂದ್ರಾ?", ಸಂಜೆ "ಬರ್ಲಾ?" ಇಷ್ಟರಲ್ಲೇ ಇಬ್ಬರ ಹನ್ನೊಂದು ವರ್ಷದ ಸ್ನೇಹ ನಡೆದಿತ್ತು. ಮೂರು ವರ್ಷದ ಹಿಂದೆ ಅವರ ಹತ್ತೊಂಬತ್ತರ ಮಗಳು ಕಾಯಿಲೆಯಿಂದ ಹೋಗಿಬಿಟ್ಟಳು. ಆಗ ಕವಿಯಕ್ಕ ನಾಲ್ಕು ಸಾಲು ಬರೆದುಕೊಟ್ಟಿದ್ದರು. ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡಿದ್ದರು. ಆಮೇಲೆ ಆ ಮಾತೇ ಎತ್ತಿರಲಿಲ್ಲ.

ಒಂದು ಮಧ್ಯಾಹ್ನ ಕವಿಯಕ್ಕ ಕಂಬಳಿಗೆ ಅಂಚು ಕಟ್ಟುತ್ತಿದ್ದಾಗ ಅವರು ಬಂದು, ಯಂತ್ರದ ಪಕ್ಕದಲ್ಲಿ ಪುಸ್ತಕ ಇಟ್ಟರು.

"ಇದನ್ನ ವಾಪಸ್ ತಗೊಳ್ಳಿ ಅಕ್ಕ. ಸಿಸ್ಟರ್ ಕೊಟ್ಟಿದ್ರು. ನನಗೆ ಬೇಡ."

"ಚೆನ್ನಾಗಿಲ್ವಾ ಅಣ್ಣ?"

"ಪದ್ಯದ ಮಾತಲ್ಲ." ಪುಸ್ತಕ ತಿರುಗಿಸಿ ಬೆನ್ನು ತೋರಿಸಿದರು. "ನಿಮ್ಮ ಯಜಮಾನ್ರು ಹೋಗಿ ಎಷ್ಟು ದಿನ ಆಯ್ತು? ಪುಸ್ತಕ ಬಂದಾಗ ಒಂದೂವರೆ ತಿಂಗಳು. ಅಷ್ಟರಲ್ಲಿ ನೀವು ಗಾಯ ವಾಸಿ ಮಾಡ್ಕೊಂಡು, ಅರವತ್ತೆರಡು ಪದ್ಯಾನೂ ಬರೆದು, ಊರಿಗೆಲ್ಲ ನಾಳೆ ಉಂಟು ಅಂತ ಹೇಳ್ಕೊಂಡು ಬಂದ್ರಿ. ನನಗೆ ಮೂರು ವರ್ಷ ಆಯ್ತು ಅಕ್ಕ. ಇವತ್ತಿಗೂ ನನ್ನ ಮಗಳ ವಯಸ್ಸಿನ ಹುಡುಗೀರ ಬಟ್ಟೆ ಬಂದ್ರೆ ಇಸ್ತ್ರಿ ಹಾಕೋಕೆ ಕೈ ಬರಲ್ಲ, ಪಕ್ಕಕ್ಕೆ ಇಟ್ಟುಬಿಡ್ತೀನಿ. ಮನೇಲಿ ಹೆಂಡತಿ ಈ ಪುಸ್ತಕ ಓದಿ, 'ನೋಡಿ, ಹೆಂಗಸಾದ ಅವರಿಗೆ ಆಯ್ತು, ನಿಮಗ್ಯಾಕೆ ಆಗಲ್ಲ?' ಅಂತಾಳೆ. ನಾನೇನು ಅಷ್ಟು ಕೈಲಾಗದವನಾ? ನನ್ನಲ್ಲೇನು ಕೊರತೆ ಇದೆ, ನೀವೇ ಹೇಳಿ."

ಕವಿಯಕ್ಕ ಯಂತ್ರ ನಿಲ್ಲಿಸಿದರು.

"ಅಣ್ಣ, ನಾನು ಅವನ್ನ ಒಂದೂವರೆ ತಿಂಗಳಲ್ಲಿ ಬರೆದಿಲ್ಲ. ಅವರಿದ್ದಾಗ ಬರೆದಿದ್ದು."

"ಏನು?"

"ಎಲ್ಲಾನೂ. ಒಂದೊಂದನ್ನೂ ಅವರಿಗೆ ಓದಿ ಹೇಳಿದ್ದೀನಿ. ಅವರು ಹೋದ ಮೇಲೆ ಒಂದು ಅಕ್ಷರ ಬರೆದಿಲ್ಲ. ವಾಸಿಯಾಗಿದೆಯೋ ಇಲ್ವೋ ಅದೂ ನನಗೆ ಗೊತ್ತಿಲ್ಲ, ಯಾಕಂದ್ರೆ ಇನ್ನೂ ನೋವೇ ಶುರುವಾಗಿಲ್ಲ. ಮರಗಟ್ಟಿ ಹೋಗಿದ್ದೀನಿ. ಚಿವುಟಿದ್ರೂ ಗೊತ್ತಾಗಲ್ಲ."

ಇಸ್ತ್ರಿ ಅಣ್ಣ ಹರಿದ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟರಂತೆ. ಹನ್ನೊಂದು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

"ಹಾಗಾದ್ರೆ ಬರೆದಾಗ ನೀವು…"

"ಸುಖವಾಗಿದ್ದೆ ಅಣ್ಣ. ಸುಖವಾಗಿದ್ದವಳು ಬರೆದ ಪದ್ಯ ಅವು. ದುಃಖದ ವಿಷಯ ನನಗೆ ಏನು ಗೊತ್ತಿತ್ತು? ನಿಮ್ಮ ಮಗಳು ಹೋದಾಗ ಬರೆದುಕೊಟ್ಟೆನಲ್ಲ, ಆಗ್ಲೂ ಗೊತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ, ಹೊಟ್ಟೆ ತುಂಬ ಊಟ ಮಾಡಿ ಮಲಗಿದ್ದೆ."

ಇಸ್ತ್ರಿ ಅಣ್ಣ ಅಂದರಂತೆ: "ಸುಖದಲ್ಲಿ ಬರೆದಿದ್ರೆ ತಪ್ಪಿಲ್ಲ ಬಿಡಿ. ಆಗ ಒಳ್ಳೆ ಮಾತು ಬರೋದು ಸಹಜ. ಸುಖವಾಗಿದ್ದೋರ ಮಾತು ಅಂತ ಗೊತ್ತಿದ್ರೆ ನಾನೂ ಸುಮ್ಮನೆ ಓದ್ಕೊಂಡು ಹೋಗ್ತಿದ್ದೆ. ಆದ್ರೆ ಹಿಂದುಗಡೆ ಹಾಗ್ಯಾಕೆ ಬರೆಸಿದ್ರಿ ಅಕ್ಕ?"

"ನಾನು ಬರೆಸಲಿಲ್ಲ."

"ಬೇಡ ಅನ್ನಲೂ ಇಲ್ಲವಲ್ಲ."

ಆ ಕ್ಷಣ ತನಗೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ, ಆದರೆ ಆಗಬೇಕಿತ್ತು ಅನ್ನುವುದು ಮಾತ್ರ ಗೊತ್ತಾಯಿತು ಅಂತ ಕವಿಯಕ್ಕ ಆಮೇಲೆ ನನಗೆ ಹೇಳಿದರು. ಅಷ್ಟೇ ಹಿಡಿದುಕೊಂಡು, ಸಂಜೆ ಕೆಲಸ ಮುಗಿಸಿ ನೇರ ಮೇಷ್ಟ್ರ ಮನೆಗೆ ಹೋದರು. ದಾರಿಯಲ್ಲಿ ಅಚ್ಚುಕೂಟದಿಂದ ನನ್ನನ್ನೂ ಎಬ್ಬಿಸಿಕೊಂಡು ಹೋದರು. "ಟೈಪ್ ಮಾಡಿದವಳು ನೀನು, ನೀನೂ ಬಾ."

ಮೇಷ್ಟ್ರು ಎರಡನೇ ಮುದ್ರಣದ ಖುಷಿಯಲ್ಲಿದ್ದರು. ವಿಷಯ ಕೇಳಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಬರಿಗೆ ಬೇಜಾರಾಯ್ತು ಅಂತ ನೂರು ಜನರ ಭರವಸೆ ಕಿತ್ಕೊಳ್ತೀಯೇನಮ್ಮ?"

"ಕಿತ್ಕೊಳ್ತಿಲ್ಲ ಮೇಷ್ಟ್ರೇ. ಪದ್ಯ ಹಾಗೇ ಇರ್ಲಿ. ಹಿಂದಿನ ಮಾತು ತೆಗೀರಿ."

"ಜನ ಏನಂತಾರೆ? ಮೋಸ ಮಾಡಿದ್ರು ಅಂತಾರೆ."

"ಮಾಡಿದ್ದೀವಲ್ಲ."

"ನನ್ನ ಮರ್ಯಾದೆ?"

"ನೀವು ಬರೆದ್ರಿ ಅಂತ ಎಲ್ಲೂ ಹಾಕಿಲ್ಲ. ತಪ್ಪು ನನ್ನ ಹೆಸರಲ್ಲೇ ಹೋಗ್ಲಿ. ನನ್ನ ಪುಸ್ತಕ ತಾನೆ?"

ಕೂಗಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಗೋಡೆಗೆ ಮೊಳೆ ಹೊಡೆದ ಹಾಗೆ ಒಂದೊಂದೇ ಮಾತು. ಮೇಷ್ಟ್ರಿಗೆ ವಾದ ಮಾಡಲು ಹಿಡಿ ಸಿಗಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ, ನನ್ನನ್ನ ಕೇಳಬೇಡಿ" ಅಂತ ಒಳಗೆ ಹೋದರು. ಅವರ ಹೆಂಡತಿ ನಮಗೆ ಚಹಾ ತಂದುಕೊಟ್ಟು, ಮೆಲ್ಲಗೆ, "ಸರಿಯಾಗಿ ಹೇಳಿದೆ ಬಿಡು, ಅವರಿಗೆ ಯಾರಾದ್ರೂ ಹೇಳ್ಬೇಕಿತ್ತು" ಅಂದರು.

ಮರುದಿನ ಕವಿಯಕ್ಕ ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳಿದರು, ನಾನು ಟೈಪ್ ಮಾಡಿದೆ: "ಈ ಪದ್ಯಗಳನ್ನೆಲ್ಲ ನನ್ನ ಗಂಡ ಬದುಕಿದ್ದಾಗ ಬರೆದೆ. ಆಗ ನಾನು ಸುಖವಾಗಿದ್ದೆ. ಅವರು ಹೋದ ಮೇಲೆ ಏನೂ ಬರೆದಿಲ್ಲ. ಮೊದಲ ಮುದ್ರಣದ ಬೆನ್ನಿಗೆ ಇದ್ದ ಮಾತು ನಿಜವಲ್ಲ. ಇವನ್ನು ಓದಿ ಯಾರಿಗಾದರೂ ಒಳ್ಳೆಯದಾದರೆ ಸಂತೋಷ. ಆಗದಿದ್ದರೆ, ತಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ. ನನಗೂ ಆಗಿಲ್ಲ."

"ಕೊನೇ ಮಾತು ಬೇಕಾ ಅಕ್ಕ?" ಅಂದೆ.

"ಅದೊಂದಕ್ಕೇ ಉಳಿದಿದ್ದೆಲ್ಲ ಹೇಳಿದ್ದು."

ಮಾರಾಟವಾಗದೆ ಉಳಿದಿದ್ದ ಹಳೆಯ ಪ್ರತಿಗಳ ಬೆನ್ನಿಗೂ ಈ ಮಾತಿನ ಚೀಟಿ ಅಂಟಿಸಬೇಕು ಅಂತ ಹಟ ಹಿಡಿದರು. ಹೊಲಿಗೆ ಕೋಣೆಯಲ್ಲೇ, ಊಟದ ಬಿಡುವಿನಲ್ಲಿ ಕೂತು ಅಂಟಿಸಿದೆವು. ಗೋಂದು ಒಣಗಿದಾಗ ರಟ್ಟೆಲ್ಲ ಸುಕ್ಕುಗಟ್ಟಿ ಬಾಗಿಕೊಂಡಿತು. ಇಸ್ತ್ರಿ ಅಣ್ಣ ನೋಡಿ, "ಕೊಡಿ ಇಲ್ಲಿ" ಅಂದು, ಪ್ರತಿಯೊಂದರ ಮೇಲೂ ಹಸಿರು ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ ಒತ್ತಿಕೊಟ್ಟರು. ಪುಸ್ತಕಕ್ಕೆ ಇಸ್ತ್ರಿ ಹಾಕಿದ್ದನ್ನು ನಾನು ಆವತ್ತೇ ನೋಡಿದ್ದು. ತಾವು ವಾಪಸು ಕೊಟ್ಟ ಪ್ರತಿಯನ್ನೂ ಒತ್ತಿ, ಮನೆಗೆ ಒಯ್ದರು. ಹೆಂಡತಿಗೆ ಬೆನ್ನಿನ ಚೀಟಿ ತೋರಿಸಲಿಕ್ಕೆ.

ಆಮೇಲೆ ಕೆಲವರು ಮುನಿಸಿಕೊಂಡರು. ಹೆಂಗಸರ ಕೂಟದವರು ಮತ್ತೆ ಕರೆಯಲಿಲ್ಲ. ಒಬ್ಬರು ಅಚ್ಚುಕೂಟಕ್ಕೇ ಬಂದು, "ಇಂಥದ್ದನ್ನ ಅಚ್ಚು ಹಾಕೋಕೆ ನಿಮಗೆ ನಾಚಿಕೆ ಆಗಲ್ವಾ?" ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ಹಳೆಯದನ್ನೋ ಹೊಸದನ್ನೋ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಮೇಷ್ಟ್ರು ಎರಡು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿ, ಕೊನೆಗೆ ತಾವಾಗೇ ಮಾತಾಡಿಸಿದರು. ಹೊಲಿಗೆ ಕೋಣೆಗೆ ಈಗಲೂ ಜನ ಬರುತ್ತಾರೆ, ಮೊದಲಿನಷ್ಟಲ್ಲ. ಬಂದವರು ಕೈ ಹಿಡಿದುಕೊಂಡು ಕಥೆ ಹೇಳುವುದಿಲ್ಲ. ಬಟ್ಟೆಯ ರಾಶಿಯ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಾರೆ. ಕವಿಯಕ್ಕ ಹೊಲಿಯುತ್ತಿರುತ್ತಾರೆ.

ಡ್ರೈವರ್ ಹೋಗಿ ಎಂಟು ತಿಂಗಳಾದ ಮೇಲೆ ಬಸ್ ಡಿಪೋದಿಂದ ಒಂದು ಕಾಗದ ಬಂತು. ಡ್ರೈವರಿನ ಬೀರು ಇನ್ನೂ ಹಾಗೇ ಇದೆ, ಹೊಸಬರಿಗೆ ಕೊಡಬೇಕು, ಬಂದು ಸಾಮಾನು ತೆಗೆದುಕೊಂಡು ಹೋಗಿ ಅಂತ. ಅರ್ಜಿ ತುಂಬಲು ಬೇಕಾಗುತ್ತೆ ಅಂತ ನನ್ನನ್ನು ಕರೆದುಕೊಂಡು ಹೋದರು. ಬೇಡ ಅಂದರೂ ಕೇಳದೆ ಅಜ್ಜಿಯೂ ಹೊರಟರು.

ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ, ಗೋಡೆಯುದ್ದಕ್ಕೂ ತಗಡಿನ ಬೀರುಗಳು. ಡಿಪೋದ ಗುಮಾಸ್ತ ಬಂದು ಒಂದರ ಬಾಗಿಲು ತೆರೆದುಕೊಟ್ಟರು. ಒಳಗೆ ಒಂದು ಫ್ಲಾಸ್ಕ್, ಹಲ್ಲು ಮುರಿದ ಬಾಚಣಿಗೆ, ಒಂದು ಜೊತೆ ಚಪ್ಪಲಿ, ಹ್ಯಾಂಗರಿಗೆ ಹಾಕಿದ್ದ ಹೆಚ್ಚುವರಿ ಯೂನಿಫಾರಂ ಅಂಗಿ. ಕವಿಯಕ್ಕ ಅಂಗಿ ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಬೆರಳು ಜೇಬಿನ ಹತ್ತಿರ ನಿಂತಿತು. ಜೇಬು ಒಂದು ಕಡೆ ಪೂರ್ತಿ ಹರಿದಿತ್ತು. ಹರಿದದ್ದನ್ನು ಸ್ಟೇಪ್ಲರಿನಲ್ಲಿ ಹೊಡೆದು ಕೂಡಿಸಿದ್ದರು. ಸಾಲಾಗಿ ಐದು ಪಿನ್ನು.

"ಸ್ಟೇಪ್ಲರ್!" ಅಂದರು ಕವಿಯಕ್ಕ. ಅಷ್ಟು ಜೋರು ದನಿ ನಾನು ಅವರಿಂದ ಕೇಳಿರಲಿಲ್ಲ. "ಸ್ಟೇಪ್ಲರ್ ಹೊಡ್ಕೊಂಡಿದ್ದಾರೆ ಅತ್ತೆ, ನೋಡಿ! ಮನೇಲಿ ನಾನು ಒಬ್ಬಳು ಸೂಜಿ ಹಿಡ್ಕೊಂಡು ಕೂತಿದ್ದೀನಿ. ಊರಿನ ಬಟ್ಟೆ ಎಲ್ಲ ಹೊಲೀತೀನಿ. ಜೇಬು ಹರಿದಿದೆ ಕಣೇ ಅಂತ ಒಂದು ಮಾತು ಹೇಳೋಕೇನಾಗಿತ್ತು ಈ ಮನುಷ್ಯನಿಗೆ? ಬಾಯಿಗೇನು ಬೀಗ ಹಾಕಿತ್ತಾ? ಐದು ನಿಮಿಷದ ಕೆಲಸ! ಇದನ್ನ ಹಾಕ್ಕೊಂಡು ಊರೆಲ್ಲ ಸುತ್ತಿದ್ದಾರಲ್ಲ ರೀ, ನೋಡಿದವರು ಏನಂದ್ಕೊಂಡಿರಬೇಕು? ಹೆಂಡತಿ ದರ್ಜಿಯಂತೆ, ದರ್ಜಿ!"

ಚಹಾ ಕುಡಿಯುತ್ತಿದ್ದ ನಾಲ್ಕೈದು ಜನ ಡ್ರೈವರುಗಳು ಲೋಟ ಕೆಳಗಿಟ್ಟರು. ಕವಿಯಕ್ಕ ನಿಲ್ಲಿಸಲಿಲ್ಲ. ಅಂಗಿಯನ್ನು ಮುಖದ ಮುಂದೆ ಹಿಡಿದುಕೊಂಡು ಬೈದರು. ಬೆಳಿಗ್ಗೆ ತಿಂಡಿ ತಿನ್ನದೆ ಹೋಗುತ್ತಿದ್ದುದಕ್ಕೆ ಬೈದರು, ಎದೆ ಉರಿ ಅಂದಾಗ ಡಾಕ್ಟರಿಗೆ ತೋರಿಸದೇ ಇದ್ದುದಕ್ಕೆ ಬೈದರು, ಒಂದೇ ಬೂಟು ಹಾಕಿಕೊಂಡು ಹೋದದ್ದಕ್ಕೂ ಬೈದರು. ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ನಾನು ಹೆದರಿ ಅವರ ತೋಳು ಹಿಡಿಯಲು ಹೋದೆ. ಅಜ್ಜಿ ನನ್ನ ಕೈ ತಳ್ಳಿದರು.

"ಬಿಡು, ಬೈಯ್ಲಿ. ನನ್ನ ಸರದೀನೂ ಇದೆ. ಅವನು ನನಗೆ ಹೇಳದೆ ಹೋದವನು."

ಗುಮಾಸ್ತ ಸಹಿ ಮಾಡಿಸಿಕೊಳ್ಳಲು ಕಾಗದ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗಿನ ಗದ್ದಲ ನೋಡಿ, "ನಾನು ಆಮೇಲೆ ಬರ್ತೀನಿ" ಅಂತ ಹಿಂದಕ್ಕೆ ಸರಿದರು.

"ಆಮೇಲೆ ಯಾಕೆ?" ಅಂದರು ಅಜ್ಜಿ. "ಬಾ ಇಲ್ಲಿ, ಕೂತ್ಕೋ. ನಿನಗೂ ಗೊತ್ತಿದ್ದವನೇ ತಾನೆ? ನೀನೂ ಎರಡು ಮಾತು ಬೈಯಿ."

ಗುಮಾಸ್ತ ಕೂತರು. ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಸಲ ನನ್ನ ಮುಖ, ಒಂದು ಸಲ ಅಜ್ಜಿಯ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಒಂದು ದಿನಾನೂ ಆ ಮಹಾರಾಯ ಟ್ರಿಪ್ ಶೀಟ್ ಸರಿಯಾಗಿ ತುಂಬಿಕೊಡ್ಲಿಲ್ಲ ನೋಡಿ" ಅಂದರು.